ಎಡಬಾಗಿಲಿನ ಜಿಗ್ಗಿ

ಜಿಗ್ಮಂಟ್ ಪ್ರುಸ್ಕಿ, ನಮಗೆಲ್ಲ ಜಿಗ್ಗಿ, ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ: ಕಾರಿನ ಎಡಬಾಗಿಲನ್ನು ಕೂರಿಸುವುದು. ನಮ್ಮ ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲಿ ಕಾರುಗಳನ್ನು ಸಾಗಿಸುವ ಲೈನ್ ನಿಲ್ಲುತ್ತಿರಲಿಲ್ಲ. ನಿಮಿಷಕ್ಕೊಂದು ಕಾರು ತೆವಳಿಕೊಂಡು ಬರುತ್ತಿತ್ತು. ಅದರ ಜೊತೆ ಹನ್ನೆರಡು ಹೆಜ್ಜೆ ನಡೆಯುವುದರೊಳಗೆ ಕೀಲಿನ ಸಂದಿಗೆ ಮರದ ತುಂಡು ಕೊಟ್ಟು, ಮೊಣಕಾಲಿನಿಂದ ಒತ್ತಿ, ಭುಜದಿಂದ ಎತ್ತಿ, ಬಾಗಿಲು ಸರಿಯಾಗಿ ಮುಚ್ಚುವಂತೆ ಮಾಡಬೇಕು. ಹದಿಮೂರನೆಯ ಹೆಜ್ಜೆಗೆ ಕಾರು ಮುಂದಿನವನದು. ಇಂಥವನಿಗೆ ಇಡೀ ಕಾರು ಗೊತ್ತಿರುತ್ತದೆಂದು ಜನ ತಿಳಿಯುತ್ತಾರೆ. ಗೊತ್ತಿರುವುದಿಲ್ಲ.

ಅವನ ಗ್ಯಾರೇಜಿನಲ್ಲಿ 1967ರ ಜಿಟಿಓ ಕಾರೊಂದು ಇಪ್ಪತ್ತೆರಡು ವರ್ಷದಿಂದ ತುಕ್ಕು ಹಿಡಿಯುತ್ತಿತ್ತು. ಅವನು ಸ್ವಂತ ಸಂಬಳದಲ್ಲಿ ಕೊಂಡ ಮೊದಲ ಕಾರು. ಪಾರ್ಶ್ವವಾಯು ಬಡಿದು ಅವನ ಬಲಗೈ ಸೋತ ಮೇಲೆ ಮಗಳು ಡೋರೀನ್ ಗಡುವು ಹಾಕಿದಳು. ಪ್ರತಿ ವರ್ಷ ಆಗಸ್ಟಿನ ಮೂರನೆಯ ಶನಿವಾರ ಸುತ್ತಲಿನ ಹಳೆಯ ಕಾರುಗಳೆಲ್ಲ ಮೆರವಣಿಗೆಯಾಗಿ ವುಡ್‌ವರ್ಡ್ ರಸ್ತೆಗೆ ಇಳಿಯುತ್ತವೆ.

"ಬರೋ ಆಗಸ್ಟಲ್ಲಿ ಅವತ್ತು ನೀನು ಇದನ್ನ ಓಡಿಸ್ಕೊಂಡು ಹೋದ್ರೆ ಇಟ್ಕೋ ಅಪ್ಪಾ. ಇಲ್ಲಾಂದ್ರೆ ಸೋಮವಾರ ಗುಜರಿಯವನು ಬರ್ತಾನೆ. ಫೋನ್ ಮಾಡಿ ಆಗಿದೆ."

ಮನೆ ಅವಳ ಹೆಸರಿನಲ್ಲಿತ್ತು. ಅವಳು ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು, ಆಡಿದ್ದನ್ನು ಮಾಡುವವಳು.

ಜಿಗ್ಗಿ ಕರೆದದ್ದು ಆಲ್ವೆಸ್ಟರ್ ಟಿಬ್ಸನನ್ನು. ಅದೇ ಲೈನಿನಲ್ಲಿ ಎಂಜಿನ್ ಕೂರಿಸುತ್ತಿದ್ದವನು. ಊಟದ ಮೇಜಿನ ಮೇಲೆ ಜಾಗಕ್ಕಾಗಿ ಜಗಳವಾಡಿ ಸ್ನೇಹಿತನಾದವನು. ಚಳಿಗಾಲವೆಲ್ಲ ಇಬ್ಬರೂ ದುಡಿದರು. ಎಂಜಿನ್ ಇಳಿಸಿ, ಕಾರನ್ನು ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿ, ತುಕ್ಕು ತಿಂದ ತಳವನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಏಪ್ರಿಲಿನಲ್ಲಿ ಜಿಗ್ಗಿ ತನ್ನ ಎಡಬಾಗಿಲನ್ನು ಕೂರಿಸಿದ. ಸಂದಿ ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದಂತಿತ್ತು. ಪಕ್ಕದ ಮನೆಯವಳೆಂದು ನನ್ನನ್ನೂ ಕರೆದು ತೋರಿಸಿದ.

ಜುಲೈಯಲ್ಲಿ ಎಂಜಿನ್ ಒಳಗೆ ಹೋಯಿತು, ಸೀಟು, ಗಾಜು ಸೇರಿದವು, ಕಾರು ತನ್ನ ಚಕ್ರಗಳ ಮೇಲೆ ಇಳಿಯಿತು. ಎಡಬಾಗಿಲು ಮುಚ್ಚಲಿಲ್ಲ. ಒಂದು ಬೆರಳಿನಷ್ಟು ಕೆಳಗೆ ಜೋತುಬಿದ್ದಿತ್ತು.

"ಮೂವತ್ತೊಂದು ವರ್ಷ ಸಂಬಳ ತಗೊಂಡಿದ್ದು ಇದಕ್ಕೇನಾ?" ಎಂದ ಟಿಬ್ಸ್.

"ನಿನ್ನ ಎಂಜಿನ್ ಭಾರ ಕಣೋ, ನನ್ನ ಬಾಗಿಲಿಗೇನೂ ಆಗಿಲ್ಲ!"

ಜಿಗ್ಗಿ ಸಿಟ್ಟಿನಲ್ಲಿ ಹೇಳಿದ್ದು ನಿಜವಾಗಿತ್ತು. ಭಾರ ಬಿದ್ದಾಗ ಕಾರಿನ ಮೈ ಬಾಗುತ್ತದೆ. ಅವನು ಖಾಲಿ ಕಾರಿಗೆ ಬಾಗಿಲು ಕೂರಿಸಿದ್ದ. ಲೈನಿನಲ್ಲಿ ಅವನ ಬಳಿ ಬರುತ್ತಿದ್ದದ್ದು ಎಲ್ಲ ತುಂಬಿದ ಕಾರು. ಖಾಲಿ ಕಾರನ್ನು ಅವನು ಆವರೆಗೆ ಕಂಡೇ ಇರಲಿಲ್ಲ. ನಾನು ಲೋಹಶಾಸ್ತ್ರ ಕಲಿಸಿದವಳು. ಅಳೆದು, ಲೆಕ್ಕ ಹಾಕಿ, ಬಾಗಿಲಿನ ಹಿಂತುದಿಯನ್ನು ಎಷ್ಟು ಎತ್ತಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆ. ಮೂರು ವಾರ ಅವನು ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ಚೀಟಿ ನೋಡುತ್ತ ಕೀಲಿನ ಬೋಲ್ಟು ತಿರುಗಿಸಿದ. ಬಾಗಿಲು ಇನ್ನಷ್ಟು ಕೆಟ್ಟಿತು.

ಗಡುವಿಗೆ ಎರಡೇ ದಿನ ಉಳಿದಿದ್ದ ಗುರುವಾರ ಬೆಳಿಗ್ಗೆ ಅವನು ಮರದ ತುಂಡನ್ನು ಗೋಡೆಗೆಸೆದ. "ಗುಜರಿಯವನು ನಾಳೇನೇ ಬರ್ಲಿ. ಈ ಕೈಯಲ್ಲಿ ಆಗಲ್ಲ."

ಟಿಬ್ಸ್ ತುಂಡನ್ನು ಎತ್ತಿಕೊಂಡು ಬಂದ. "ಲೋ ಜಿಗ್ಗಿ, ನಿಂತಿರೋ ಕಾರಿಗೆ ನೀನು ಯಾವತ್ತಾದ್ರೂ ಬಾಗಿಲು ಕೂರಿಸಿದ್ದೀಯಾ?"

ಟಿಬ್ಸ್ ನನ್ನತ್ತ ತಿರುಗಿದ.

"ಮೇಡಂ, ನೀವು ಆ ಕಡೆಯಿಂದ ಹತ್ತಿ ಸ್ಟೀರಿಂಗ್ ಹಿಡ್ಕೊಳ್ಳಿ. ಚೀಟಿ ಒಳಗಿಡಿ."

ಬ್ರೇಕ್ ಸಡಿಲಿಸಿ, ಟಿಬ್ಸ್ ಡಿಕ್ಕಿಗೆ ಬೆನ್ನು ಕೊಟ್ಟ. ಸಮತಟ್ಟಾದ ಅಂಗಳದಲ್ಲಿ ಕಾರು ತೆವಳತೊಡಗಿತು.

"ಲೈನ್ ಹೊರಡ್ತು ಕಣೋ! ನಡಿ!"

ಜಿಗ್ಗಿ ಬೈಯುತ್ತಲೇ ಪಕ್ಕದಲ್ಲಿ ನಡೆದ. ಮೊದಲ ಸಲ ಒಂಬತ್ತನೆಯ ಹೆಜ್ಜೆಗೆ ಎಡವಿದ. ಕಾರನ್ನು ಹಿಂದಕ್ಕೆ ತಳ್ಳಿದೆವು. ಎರಡನೆಯ ಸಲ ಬೈಗುಳ ನಿಂತಿತು. ಬಲಗೈ ಚೀಲದಂತೆ ನೇತಾಡುತ್ತಿತ್ತು. ಅದರ ಅಗತ್ಯ ಬೀಳಲಿಲ್ಲ. ಎಡಗೈ ತುಂಡನ್ನು ಕೀಲಿಗೆ ಕೊಟ್ಟಿತು, ಮೊಣಕಾಲು ಒತ್ತಿತು. ತುಂಡನ್ನು ಎಳೆದುಕೊಂಡು ಭುಜವನ್ನು ಬಾಗಿಲಿನ ತುದಿಯಡಿ ಕೊಟ್ಟು ಒಮ್ಮೆ ಮೇಲೆದ್ದ. ಹನ್ನೊಂದನೆಯ ಹೆಜ್ಜೆಯಲ್ಲಿ ಬಾಗಿಲು ಟಕ್ಕೆಂದು ಮುಚ್ಚಿತು.

"ಒಂದು ಹೆಜ್ಜೆ ಮಿಕ್ಕಿತು ನೋಡೋ!" ಎಂದು ಜಿಗ್ಗಿ ಕೂಗಿದ.

ಆಮೇಲೆ ನಾನು ಅಳೆದೆ. ನನ್ನ ಚೀಟಿಗೂ ಅವನ ಭುಜಕ್ಕೂ ಕೂದಲೆಳೆಯ ವ್ಯತ್ಯಾಸ. ಯಾವುದು ತಪ್ಪೆಂದು ಯಾರೂ ಕೇಳಲಿಲ್ಲ.

ಶನಿವಾರ ಕಾರು ಗುಡುಗುತ್ತ ವುಡ್‌ವರ್ಡ್ ರಸ್ತೆಗೆ ಬಂತು. ಜಿಗ್ಗಿಯ ಎಡಗೈ ಸ್ಟೀರಿಂಗ್ ಮೇಲೆ. ಅವನು ಕ್ಲಚ್ ಒತ್ತಿದಾಗಲೆಲ್ಲ ಪಕ್ಕದ ಸೀಟಿನಿಂದ ಟಿಬ್ಸ್ ಗೇರು ಹಾಕುತ್ತಿದ್ದ. ರಸ್ತೆಯಂಚಿನಲ್ಲಿ ನನ್ನ ಜೊತೆ ಕಾಯುತ್ತಿದ್ದ ಡೋರೀನ್ ಅದನ್ನು ಕಂಡುಹಿಡಿದಳು.

"ಅಪ್ಪಾ, ಇದು ಮೋಸ! ಗೇರು ಟಿಬ್ಸ್ ಮಾಮ ಹಾಕ್ತಿದ್ದಾರೆ!"

"ಲೈನಲ್ಲಿ ಒಬ್ಬನಿಗೆ ಒಂದೇ ಕೆಲಸ ಕಣಮ್ಮಾ," ಎಂದ ಜಿಗ್ಗಿ. "ನಿಮ್ಮ ಟೀಚರನ್ನ ಕೇಳು ಬೇಕಾದ್ರೆ."

ಅವಳು ನನ್ನತ್ತ ತಿರುಗಿದಳು. ಅವನು ಹೇಳುವುದು ಸರಿ ಎಂದೆ. ಅವಳು ಚೀಲದಿಂದ ಫೋನ್ ತೆಗೆದು ಗುಜರಿಯವನಿಗೆ ಬರಬೇಡವೆಂದಳು.

ಜಿಗ್ಗಿ ಕಾರಿನಿಂದಿಳಿದು ಬಾಗಿಲು ಮುಚ್ಚಿದ. ತೆರೆದು ಮತ್ತೆ ಮುಚ್ಚಿದ. ಜನ ಸೇರಿ ಚಪ್ಪಾಳೆ ತಟ್ಟಿದರು. ಅವನು ಮತ್ತೆ ತೆರೆದ.

"ಸಾಕೋ," ಎಂದು ಟಿಬ್ಸ್ ಒಳಗಿನಿಂದ ಕೂಗಿದ, "ಕಿತ್ತು ಬಂದ್ರೆ ಇನ್ನೊಂದ್ಸಲ ತಳ್ಳೋದು ನಾನೇ!"