ಮೂರಾಟದ ಹಿಂದಿನ ಅಕ್ಕನಾಗಮ್ಮ

ಬಳ್ಳಾರಿಯ ಕೋಟೆ ಗುಡ್ಡಕ್ಕೆ ಇನ್ನೂ ಬಿಸಿಲು ಬಿದ್ದಿಲ್ಲ. ಬ್ರೂಸ್‌ಪೇಟೆಯ ಸೆಟ್ಟರ ಛತ್ರದ ಅಂಗಳದಲ್ಲಿ ಅಕ್ಕನಾಗಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾವಿಕಟ್ಟೆಯ ಪಕ್ಕ ನಿಂತಿದ್ದಾರೆ. ರೂಪನಗುಡಿಯಿಂದ ನಡೆದು ಬಂದ ನಾಲ್ಕು ಗಂಡಸರು ಚೀಲ ಇಳಿಸಿ ಹೆಸರು ಹೇಳಲು ಬಾಯಿ ತೆರೆಯುತ್ತಾರೆ. ಅಕ್ಕನಾಗಮ್ಮ ಕೈ ಅಡ್ಡ ಮಾಡುತ್ತಾರೆ.

"ಹೆಸರು ಆಮ್ಯಾಲೆ ಹೇಳೀರಂತ. ಮೊದಲು ಒಂದೊಂದು ಕೊಡ ನೀರು ಸೇದಿ ಹಂಡೇಕ ಹಾಕ್ರಿ."

ನಾಳೆ, ಭಾನುವಾರ, ಟ್ರಯತ್ಲಾನ್. ನಾಲಿಗೆಗೆ ತೊಡಕಾಗುವ ಆ ಹೆಸರನ್ನು ಇಲ್ಲಿಯ ಜನ ಹೋದ ವರ್ಷವೇ ಕಿತ್ತೆಸೆದು 'ಮೂರಾಟ' ಎಂದು ಇಟ್ಟುಕೊಂಡಿದ್ದಾರೆ. ಕೆಂಚನಗುಡ್ಡದ ಬಳಿ ತುಂಗಭದ್ರೆಯಲ್ಲಿ ಈಜು, ಸಿರುಗುಪ್ಪದಿಂದ ಕುರುಗೋಡಿನ ಮೇಲೆ ಬಳ್ಳಾರಿಯವರೆಗೆ ಸೈಕಲ್ಲು, ಕೊನೆಗೆ ಕೋಟೆ ಗುಡ್ಡದ ಸುತ್ತ ಓಟ. ಸ್ಪರ್ಧಿಗಳು ಬೆಂಗಳೂರು, ಹೈದರಾಬಾದಿನಿಂದಲೂ ಬರುತ್ತಾರೆ, ಪದಕ ಕೊರಳಿಗೆ ಹಾಕಿಕೊಂಡು ಪೇಪರಿನಲ್ಲಿ ನಗುತ್ತಾರೆ. ದಾರಿಯುದ್ದಕ್ಕೂ ನೀರು ಕೊಡುವವರು, ತಿರುವಿನಲ್ಲಿ ಕೈ ತೋರಿಸುವವರು, ದನ ಅಡ್ಡ ಬಂದರೆ ಓಡಿಸುವವರು ಯಾವ ಫೋಟೋದಲ್ಲೂ ಇರುವುದಿಲ್ಲ. ಅವರಿಗೆಲ್ಲ ಹಿಂದಿನ ದಿನ ಇಳಿದುಕೊಳ್ಳಲು ಜಾಗ ಕೊಟ್ಟು, ಊಟ ಹಾಕಿ, ಯಾರು ಎಲ್ಲಿ ನಿಲ್ಲಬೇಕೆಂದು ಹಚ್ಚಿ ಕಳಿಸುವವರು ಈ ಛತ್ರದ ಅಕ್ಕನಾಗಮ್ಮ.

ಲಾಡ್ಜಿನ ಬಾಡಿಗೆ ಕೊಟ್ಟು ಉಚಿತ ಸೇವೆ ಮಾಡುವಷ್ಟು ಅನುಕೂಲ ಹಳ್ಳಿಯವರಿಗೆ ಎಲ್ಲಿಯದು? ಛತ್ರದಲ್ಲಿ ಬಾಡಿಗೆ ಇಲ್ಲ. ಹಾಸಿಗೆ ನೀವೇ ತರಬೇಕು, ಆಮೇಲೆ ಕಾಲು ಎಷ್ಟು ಬೇಕಾದರೂ ಚಾಚಬಹುದು. ಹೆಣ್ಣುಮಕ್ಕಳಿಗೆ ಒಳಗಿನ ಪಡಸಾಲೆ, ಗಂಡಸರಿಗೆ ಮಾಳಿಗೆ. ಉಣ್ಣುವ ತಟ್ಟೆ ತಂದರೆ ಒಳ್ಳೆಯದು, ಒಂದು ಬೊಗಸೆ ಜೋಳವೋ ಅಕ್ಕಿಯೋ ತಂದರೆ ಇನ್ನೂ ಒಳ್ಳೆಯದು. ತರದವರನ್ನು ಯಾರೂ ಕೇಳುವುದಿಲ್ಲ.

ಹೆಸರು ಹಚ್ಚಿಸುವುದಕ್ಕೆ ಮಾತ್ರ ಆ ಕೊಡದ ಪರೀಕ್ಷೆ ತಪ್ಪಿದ್ದಲ್ಲ. ಚೆಲ್ಲದಂತೆ ಹೊತ್ತು ತರುವವರು ನೀರಿನ ಕಟ್ಟೆಗೆ. ಅವಸರಕ್ಕೆ ಬಿದ್ದು ಅರ್ಧ ಚೆಲ್ಲಿಕೊಳ್ಳುವವರು ದನ ಓಡಿಸುವುದಕ್ಕೆ. ಬಾವಿಯ ಹತ್ತಿರ ನಿಂತು ಉಳಿದವರಿಗೆ ಹೇಗೆ ಸೇದಬೇಕೆಂದು ಉಪದೇಶ ಮಾಡುವವರು ತಿರುವಿನಲ್ಲಿ ಕೈ ತೋರಿಸಲು. "ಅವರಿಗೆ ಅದಾ ಚೊಲೋ ಬರತೈತಿ," ಎಂದು ಅಕ್ಕನಾಗಮ್ಮ ನಗುತ್ತಾರೆ.

ಇವರು ಕುರುಗೋಡಿನ ಮಗಳು. ಗಂಡ ಈ ಛತ್ರದ ಕಾವಲುಗಾರರಾಗಿದ್ದರು. ಅವರು ತೀರಿಕೊಂಡ ಮೇಲೆ ಬೀಗದ ಕೈ ಇವರ ಸೊಂಟಕ್ಕೆ ಬಂತು. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಗಂಡಿನ ಮನೆ ನೋಡಲು ಬಂದವರು, ಯಾರೇ ಬರಲಿ, ಕಸ ಹೊಡೆದು, ನೀರು ಕಾಸಿ, ಅಡುಗೆ ಮಾಡಿ ನೋಡಿಕೊಂಡಿದ್ದಾರೆ. ಇಷ್ಟು ವರ್ಷದಲ್ಲಿ ಬಾಗಿಲಿಗೆ ಬಂದವರನ್ನು ಉಣಿಸದೆ ಕಳಿಸಿದ್ದಿಲ್ಲ. ಹೋದ ವರ್ಷ ಮೂರಾಟ ಕೆಟ್ಟಿದ್ದು ಇದೇ ಒಳ್ಳೆಯ ಗುಣದಿಂದ.

ಆಗಿದ್ದಿಷ್ಟು. ಕುರುಗೋಡಿನ ಮೇಲೆ ಪಾದಯಾತ್ರೆ ಹೋಗುವವರನ್ನು ಆ ಊರಿನವರು ಹಾಗೇ ಬಿಡುವುದಿಲ್ಲ. ಚಪ್ಪರ ಹಾಕಿ, ಕಾಲಿಗೆ ನೀರು ಕೊಟ್ಟು, ಚಾಪೆಯ ಮೇಲೆ ಕೂಡಿಸಿ, ಮಂಡಕ್ಕಿ ಒಗ್ಗರಣೆ ಮಿರ್ಚಿ ತಿನ್ನಿಸಿಯೇ ಮುಂದಕ್ಕೆ ಕಳಿಸುವುದು ಅಲ್ಲಿಯ ರೂಢಿ. ಮೂರಾಟದ ಹಿಂದಿನ ದಿನ ತವರಿನವರಿಗೆ ಅಕ್ಕನಾಗಮ್ಮ ಹೇಳಿದ್ದು ಒಂದೇ ಮಾತು: "ಪಾಪ, ನದಿ ಈಜಿ ಬಂದಿರತಾರ. ಯಾರನ್ನೂ ಹಸಿದು ಕಳಿಸಬ್ಯಾಡ್ರಿ."

ಕುರುಗೋಡಿನ ಎರ್ರೆಪ್ಪ ಆ ಮಾತನ್ನು ಅಕ್ಷರಶಃ ಪಾಲಿಸಿದ. ಎಲ್ಲರಿಗಿಂತ ಮುಂದಿದ್ದ ಹುಡುಗನ ಸೈಕಲ್ಲಿನ ಹ್ಯಾಂಡಲ್ಲು ಹಿಡಿದು ನಿಲ್ಲಿಸಿಯೇ ಬಿಟ್ಟ. "ಬರ್ರಿ, ಬರ್ರಿ, ಎರಡು ಮಿರ್ಚಿ ತಿಂದು ಹೋಗ್ರಿ, ರೇಸ್ ಎಲ್ಲಿಗೂ ಹೋಗಂಗಿಲ್ಲ!" ಆ ಹುಡುಗ ಸಂಕೋಚದ ಪ್ರಾಣಿ, ಬೇಡ ಎನ್ನಲಾರದೆ ನಾಲ್ಕು ತಿಂದ. ಹಿಂದಿನಿಂದ ಬಂದವರೆಲ್ಲ ಚಾಪೆಯ ಮೇಲೆ ಪಂಕ್ತಿಗೆ ಕೂತರು. ಹೈದರಾಬಾದಿನವನೊಬ್ಬ ಇದೂ ಸ್ಪರ್ಧೆಯ ಭಾಗವೆಂದೇ ತಿಳಿದು, ಹೆಚ್ಚು ಅಂಕ ಸಿಕ್ಕೀತೆಂದು ಎರಡನೇ ಸಲ ಒಗ್ಗರಣೆ ಹಾಕಿಸಿಕೊಂಡ. ಕೋಟೆ ಗುಡ್ಡದ ಓಟದಲ್ಲಿ ಅರ್ಧ ಜನ ಹೊಟ್ಟೆ ಹಿಡಿದುಕೊಂಡು ಕೂತರು. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಮೂರಾಟ ನಡೆಸುವ ಯುವಕ ಸಂಘದ ಕಾರ್ಯದರ್ಶಿ ತಿಪ್ಪೇರುದ್ರಪ್ಪ ಸೌಮ್ಯ ಮನುಷ್ಯ. ಅವತ್ತು ಅವರೂ ಕೂಗಾಡಿದರು. ಮುಂದಿನ ವರ್ಷ ಹಳ್ಳಿಯವರು ಬೇಡ, ಹೊರಗಿನ ಕಾಲೇಜಿನ ಹುಡುಗರನ್ನು ಕರೆಸಿ ಲಾಡ್ಜಿನಲ್ಲಿ ಇಳಿಸೋಣ ಎಂದು ಸಂಘದವರು ತೀರ್ಮಾನ ಮಾಡಿದರು. ಅಕ್ಕನಾಗಮ್ಮ ಸಂಘದ ಕೋಣೆಗೇ ಹೋದರು. "ತಪ್ಪು ನನ್ನದೈತಿ. ಹೇಳಿದಾಕಿ ನಾನು. ಅದಕ್ಕ ನಮ್ಮ ಜನಕ್ಕ ಯಾಕ ಬಾಗಲಾ ಹಾಕತೀರಿ? ಇನ್ನೊಂದು ಸಲ ನೋಡ್ರಿ." ತಿಪ್ಪೇರುದ್ರಪ್ಪ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಕುರುಗೋಡಿನ ಕ್ರಾಸಿನಲ್ಲಿ ಒಬ್ಬನೇ ಒಬ್ಬ ಸೈಕಲ್ಲಿನವನ ಕಾಲು ನೆಲಕ್ಕೆ ತಾಗಿದರೂ ಹಳ್ಳಿಯವರ ಸೇವೆ ಅಲ್ಲಿಗೆ ಮುಗಿಯಿತು.

ಅಕ್ಕನಾಗಮ್ಮ ಮಾತೇನೋ ಕೊಟ್ಟರು. ಆದರೆ ನಿಲ್ಲಿಸದೆ ನೀರು ಕುಡಿಸುವುದು ಹೇಗೆ? ಛತ್ರದ ಅಂಗಳದಲ್ಲಿ ಮೊದಲೇ ನಡೆಸಿದ ತಾಲೀಮಿನಲ್ಲಿ ಎರ್ರೆಪ್ಪ ಸೈಕಲ್ಲು ತುಳಿಯುವ ಹುಡುಗರಿಗೆ ಚೊಂಬು ಕೊಡಲು ಹೋಗಿ, ನೀರನ್ನೆಲ್ಲ ಅವರ ಮುಖಕ್ಕೇ ಎರಚಿದ. ದಾರಿ ತೋರಿಸಿದ್ದು ಕರೂರಿನ ಗಂಗಕ್ಕ, ಗದ್ದೆ ನಾಟಿಯ ಕೂಲಿ ಮಾಡುವಾಕೆ. "ನಾಟಿ ಹಚ್ಚಾಗ ನಾವು ಸೊಂಟ ಎತ್ತಂಗಿಲ್ಲ ಯಕ್ಕಾ. ಸಸಿ ಸಿವುಡು ತರಾಂವ ನಮ್ಮ ಕೂಡ ಹೆಜ್ಜಿ ಹಾಕ್ಕೋಂತ ಬಂದು ಕೈಗೆ ಕೊಡಬೇಕು. ಕೆಲಸದಾಗ ಇದ್ದೋರು ನಿಂದ್ರಬಾರದು, ಕೊಡೋರು ಓಡಬೇಕು." ಅಕ್ಕನಾಗಮ್ಮನಿಗೆ ಅಷ್ಟು ಸಾಕಾಯಿತು. ಚೊಂಬು ಹೋಗಿ ಹಿಡಿಕೆಯ ತಗಡಿನ ಲೋಟ ಬಂತು. ಬೆಲ್ಲವೂ ಹುರಿಗಡಲೆಯೂ ಬಟ್ಟೆಯ ತುಂಡಿನಲ್ಲಿ ಸಣ್ಣ ಗಂಟಾದವು. ಕರೂರಿನ ಹೆಣ್ಣುಮಕ್ಕಳು ಸೀರೆ ಕಚ್ಚೆ ಹಾಕಿ ಅಂಗಳದಲ್ಲಿ ಸೈಕಲ್ಲಿನ ಪಕ್ಕ ಓಡಿ ಓಡಿ ಕಲಿತರು. ಎರ್ರೆಪ್ಪನಿಗೆ ಲೋಟ ತುಂಬಿಸುವ ಕೆಲಸ ಕೊಟ್ಟು, ಸೈಕಲ್ಲು ಮುಟ್ಟಬಾರದೆಂದು ಆಣೆ ಹಾಕಿಸಿದರು.

ಭಾನುವಾರ. ಸಂಘದ ಲಾರಿ ಎಲ್ಲರನ್ನೂ ಅವರವರ ಜಾಗಕ್ಕೆ ಇಳಿಸುತ್ತ ಬರುತ್ತದೆ. ಛತ್ರದ ಒಲೆ ಬೇರೆಯವರಿಗೆ ಒಪ್ಪಿಸಿ ಅಕ್ಕನಾಗಮ್ಮ ತಾವೇ ಕುರುಗೋಡಿನ ಕ್ರಾಸಿನಲ್ಲಿ ಇಳಿಯುತ್ತಾರೆ. ತಿಪ್ಪೇರುದ್ರಪ್ಪನೂ ರಸ್ತೆಯ ಆಚೆ ಮೋಟರ್ ಸೈಕಲ್ಲು ನಿಲ್ಲಿಸಿ, ಕೈ ಕಟ್ಟಿಕೊಂಡು ನಿಲ್ಲುತ್ತಾರೆ. ಊರಿನ ಅರ್ಧ ಜನ ರಸ್ತೆಗೆ ಬಂದಿದ್ದಾರೆ. ಚಪ್ಪರ ಇಲ್ಲ, ಚಾಪೆ ಇಲ್ಲ, ಎಣ್ಣೆ ಬಾಣಲೆ ಅಂತೂ ಇಲ್ಲವೇ ಇಲ್ಲ.

ಮೊದಲನೆಯವನು ದೂರದಲ್ಲಿ ಕಾಣಿಸುತ್ತಾನೆ. ಗಂಗಕ್ಕ ಅವನಿಗೆ ಬೆನ್ನು ಮಾಡಿ, ಅವನು ಹೋಗುವ ದಿಕ್ಕಿಗೇ ಓಡಲು ಶುರು ಮಾಡಿ, ಕೈಯನ್ನು ಪಕ್ಕಕ್ಕೆ ಚಾಚುತ್ತಾಳೆ. ಲೋಟ ಕೈಯಿಂದ ಕೈಗೆ ಹೋಗುತ್ತದೆ. ಮುಂದೆ ಇನ್ನೊಬ್ಬಾಕೆ ಬೆಲ್ಲದ ಗಂಟು ಕೊಡುತ್ತಾಳೆ. ಅವನು ಕುಡಿದು, ಲೋಟ ರಸ್ತೆ ಬದಿಗೆ ಬಿಸಾಕಿ, ಹೋಗಿಯೇಬಿಟ್ಟ! ಜನ ಹೋ ಎನ್ನುತ್ತಾರೆ. ಎರಡನೆಯವನೂ ಹೀಗೇ, ಮೂರನೆಯವನೂ ಹೀಗೇ. ಎರ್ರೆಪ್ಪ ಲೋಟ ತುಂಬಿಸುತ್ತ, ಹೋಗುವ ಒಬ್ಬೊಬ್ಬರನ್ನೂ ಆಸೆಯಿಂದ ನೋಡುತ್ತಾನೆ, ಆದರೆ ಕೈ ಚಾಚುವುದಿಲ್ಲ.

ಎಲ್ಲರಿಗಿಂತ ಕೊನೆಗೆ ಬರುವವನು ಸಿರುಗುಪ್ಪದ ಕಡೆಯ ಒಬ್ಬ ಬಡಕಲು ಯುವಕ, ಬಾಡಿಗೆ ಸೈಕಲ್ಲಿನ ಮೇಲೆ. ಮುಖ ಬಾಡಿ ಬದನೆಕಾಯಿಯಾಗಿದೆ, ತುಟಿ ಒಣಗಿದೆ. ಓಡಿ ಓಡಿ ಸೋತ ಗಂಗಕ್ಕ ಮತ್ತು ಜೊತೆಯವರು ಹಿಂದೆ ಉಳಿದಿದ್ದಾರೆ. ಅವನ ಪೆಡಲು ನಿಧಾನವಾಗುತ್ತದೆ, ಕಣ್ಣು ಬೇವಿನ ಮರದ ನೆರಳಿನ ಕಡೆ ಹೊರಳುತ್ತದೆ, ಒಂದು ಕಾಲು ಪೆಡಲು ಬಿಟ್ಟು ಕೆಳಗೆ ಜಾರುತ್ತದೆ. ಆಚೆ ಬದಿಯಲ್ಲಿ ತಿಪ್ಪೇರುದ್ರಪ್ಪ ಕಟ್ಟಿದ ಕೈ ಬಿಚ್ಚುತ್ತಾರೆ.

ಅಕ್ಕನಾಗಮ್ಮ ಒಂದು ಹೆಜ್ಜೆ ಮುಂದಿಡುತ್ತಾರೆ. ಕೂಡಿಸಿ ಎರಡು ತುತ್ತು ಉಣಿಸಬೇಕಾದ ಮಗ! ಬಾ ಎನ್ನುವ ಮಾತು ಬಾಯಿಗೆ ಬಂದೂ ಬಂತು. ಮಾತನ್ನು ನುಂಗಿ, ಎರ್ರೆಪ್ಪನ ಕೈಯಿಂದ ಲೋಟ ಕಸಿದುಕೊಂಡು, ಐವತ್ತು ದಾಟಿದ ಆ ಹೆಂಗಸು ಓಡುತ್ತಾರೆ. "ನಿಂದ್ರಬ್ಯಾಡ ನನ್ನಪ್ಪಾ! ತುಳಿ! ತುಳಿ! ಹಿಡಿ ಇದನ್ನ, ಕುಡಕೋಂತ ನಡಿ!" ಯುವಕ ಬೆಚ್ಚಿ ಕಾಲು ಮೇಲೆತ್ತಿ ಪೆಡಲಿಗೆ ಇಡುತ್ತಾನೆ, ಲೋಟ ಹಿಡಿಯುತ್ತಾನೆ. ಕ್ರಾಸು ದಾಟುವವರೆಗೂ ಅಕ್ಕನಾಗಮ್ಮ ಅವನ ಪಕ್ಕದಲ್ಲೇ ಓಡುತ್ತಾರೆ. ಅವನು ಏರು ಹತ್ತಿ ಮರೆಯಾದಾಗ ಕುರುಗೋಡಿನ ಜನ ಹಾಕಿದ ಶಿಳ್ಳೆಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದು ಹಾರುತ್ತವೆ.

ತಿಪ್ಪೇರುದ್ರಪ್ಪ ರಸ್ತೆ ದಾಟಿ ಬರುತ್ತಾರೆ. "ಗೆದ್ರಿ ಅಕ್ಕಾರ. ಒಬ್ಬನ ಕಾಲೂ ನೆಲಕ್ಕ ಹತ್ತಲಿಲ್ಲ. ಮುಂದಿನ ವರ್ಷ ದಾರಿ ತುಂಬಾ ನಿಮ್ಮ ಜನಾನ ನಿಂದ್ರಲಿ, ಕಾಲೇಜಿನ ಹುಡುಗರಿಗೂ ನೀವಾ ಕಲಿಸ್ರಿ." ಗಂಗಕ್ಕ ಕೇಕೆ ಹಾಕುತ್ತಾಳೆ. ಎರ್ರೆಪ್ಪ ಖಾಲಿ ಕೊಡವನ್ನೇ ತಲೆಯ ಮೇಲೆ ಹೊತ್ತು ಕುಣಿಯುತ್ತಾನೆ.

ಅಕ್ಕನಾಗಮ್ಮ ಬೇವಿನ ಬುಡದಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಏದುಸಿರು ಇನ್ನೂ ನಿಂತಿಲ್ಲ, ಕಣ್ಣು ತುಂಬಿವೆ, ನಗುವೂ ತಡೆಯುತ್ತಿಲ್ಲ.

"ಹಸಿದು ಬಂದೋನ್ನ ನಡಿ ಅಂದೆ ನೋಡ್ರಿ," ಎನ್ನುತ್ತಾರೆ. "ಹುಟ್ಟಿದಾಗಿಂದ ಅಂದಿದ್ದಿಲ್ಲ. ಅವ ಹೋದ, ನನ್ನ ಹೊಟ್ಟಿ ತುಂಬಿತು."