ಹನುಮಮ್ಮನ ಎರಡು ಮಾತ್ರೆಗಳು

ಹಾರನಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಅಡುಗೆಗೆ ಸೇರಿದವರಲ್ಲಿ ಹನುಮಮ್ಮ ಒಬ್ಬರು. ನೂರಿಪ್ಪತ್ತು ಮಕ್ಕಳ ಸಾರಿಗೆ ಉಪ್ಪು ಹಾಕುವಾಗ ಅಳತೆ ನೋಡುತ್ತಿರಲಿಲ್ಲ, ಕೈ ತಪ್ಪುತ್ತಲೂ ಇರಲಿಲ್ಲ. 2004ರ ಒಂದು ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದಾಗ ಎದೆ ಹಿಂಡಿದಂತಾಗಿ ಮೈಯೆಲ್ಲ ಬೆವರಿತು. ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ನೀರು ಕುಡಿದರು. ಹೆಡ್‌ಮಾಸ್ತರು ಕೇಳಲಿಲ್ಲ, ಟೆಂಪೋ ಹತ್ತಿಸಿ ಅರಸೀಕೆರೆಯ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಡಾಕ್ಟರ್ ಇಂದುಧರ ಇಸಿಜಿ ನೋಡಿದವರೇ ಆಸ್ಪಿರಿನ್ ಅಗಿಯಲು ಕೊಟ್ಟು ಮೈಸೂರಿಗೆ ಕಳಿಸಿದರು. ಮೈಸೂರಿನಲ್ಲಿ ಹೃದಯದ ಮುಚ್ಚಿಹೋಗಿದ್ದ ರಕ್ತನಾಳ ತೆರೆದು, ಅದು ತೆರೆದೇ ಇರಲೆಂದು ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆ ಕೂರಿಸಿದರು. ಎರಡು ಮಾತ್ರೆ ಬರೆದುಕೊಟ್ಟು, ಒಂದು ದಿನವೂ ತಪ್ಪಿಸಬಾರದೆಂದು ಹೇಳಿದರು.

ಎರಡು ತಿಂಗಳಿಗೆ ಹನುಮಮ್ಮ ಕೆಲಸಕ್ಕೆ ಮರಳಿದರು. ಮೊದಲ ವಾರವೇ ಈಳಿಗೆಮಣೆ ಬೆರಳಿಗೆ ತಾಗಿತು. ಅರಿಶಿನ ಮೆತ್ತಿದರೂ ಕಾಲು ಗಂಟೆ ರಕ್ತ ನಿಲ್ಲಲಿಲ್ಲ. ಕೈ ಎಲ್ಲಿ ತಗುಲಿದರೂ ಚರ್ಮ ನೀಲಿಗಟ್ಟುತ್ತಿತ್ತು.

"ರಕ್ತ ನೀರು ಮಾಡೋ ಮಾತ್ರೆ ಕಣಕ್ಕ ಅದು. ಮೈಯಾಗೆ ಏನು ಉಳಿತೈತೆ?" ಎಂದರು ಜೊತೆಗೆ ಅಡುಗೆ ಮಾಡುವ ರುಕ್ಮಿಣಮ್ಮ.

ಹನುಮಮ್ಮನಿಗೆ ದಿಗಿಲು ಹತ್ತಿತು. ಮರುದಿನ ಮಾತ್ರೆ ನುಂಗಿದಂತೆ ಮಾಡಿ ಸೆರಗಿಗೆ ಗಂಟು ಹಾಕಿಕೊಂಡರು.

ಸಂಜೆ ಸೀರೆ ನೆನೆಹಾಕುವಾಗ ಸೊಸೆ ಆಶಾರಾಣಿಗೆ ಆ ಗಂಟು ಸಿಕ್ಕಿತು. ಅವಳು ಬೈಯಲಿಲ್ಲ. "ಅತ್ತೆ, ಇವತ್ತಿನ ಮಾತ್ರೆ ಈಗಲೇ ತಗೊಳ್ಳಿ. ಬೆಳಿಗ್ಗೆ ಡಾಕ್ಟ್ರನ್ನೇ ಕೇಳೋಣ" ಎಂದಳು.

ಇಂದುಧರ ಸಮಾಧಾನವಾಗಿ ಕೇಳಿಸಿಕೊಂಡರು. "ರಕ್ತ ನೀರಾಗಲ್ಲ ಕಣಮ್ಮಾ. ಗಾಯ ಆದಾಗ ರಕ್ತದಲ್ಲಿರೋ ಸಣ್ಣ ಕಣಗಳು ಒಂದಕ್ಕೊಂದು ಅಂಟ್ಕೊಂಡು ಗಾಯ ಮುಚ್ತವೆ. ಸ್ಟೆಂಟ್ ಒಳಗೂ ಹಂಗೇ ಅಂಟ್ಕೊಂಡ್ರೆ ನಾಳ ಮತ್ತೆ ಮುಚ್ಚಿಹೋಗುತ್ತೆ. ಅದನ್ನ ತಡೆಯೋದೇ ಈ ಮಾತ್ರೆ."

"ಬೆರಳು ಕುಯ್ದುಕೊಂಡ್ರೆ ಏನ್ ಮಾಡ್ಲಿ?"

"ಹತ್ತು ನಿಮಿಷ ಬಟ್ಟೆ ಒತ್ತಿ ಹಿಡೀರಿ, ನಡುವೆ ತೆಗೆದು ನೋಡಬೇಡಿ. ಆಮೇಲೂ ನಿಲ್ಲದಿದ್ರೆ ಬನ್ನಿ. ಮಲ ಟಾರಿನಂಗೆ ಕಪ್ಪಗಾದ್ರಂತೂ ಕಾಯಲೇಬೇಡಿ, ಅದು ಹೊಟ್ಟೆಯೊಳಗೆ ರಕ್ತ ಸೋರೋ ಗುರುತು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಇದರ ಜೊತೆ ಸೇರಿದ್ರೆ ಹೊಟ್ಟೇಲಿ ಹುಣ್ಣಾಗಿ ರಕ್ತ ಸೋರುತ್ತೆ."

ಕೊನೆಯ ಮಾತು ಮಳೆಗಾಲದ ಹೊತ್ತಿಗೆ ಮರೆತುಹೋಯಿತು. ಮಂಡಿನೋವು ತಾಳಲಾರದೆ ನಾಲ್ಕು ದಿನ ಅಂಗಡಿಯ ಮಾತ್ರೆ ನುಂಗಿದರು. ಐದನೆಯ ಬೆಳಿಗ್ಗೆ ಮಲ ಕಪ್ಪಗಿತ್ತು. ಹೇಳಲು ನಾಚಿಕೆಯಾದರೂ ಮುಚ್ಚಿಡದೆ ಸೊಸೆಯನ್ನು ಕರೆದು ಹೇಳಿದರು. ಆರು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಇಂದುಧರ ಮೈಸೂರಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಮುಂದುವರಿದರು: ನೋವಿನ ಮಾತ್ರೆ ಬಿಡಿಸಿ, ಹೊಟ್ಟೆಯ ಹುಣ್ಣಿಗೆ ಮಾತ್ರೆ ಸೇರಿಸಿದರು. ಹೃದಯದ ಮಾತ್ರೆ ತಪ್ಪಲಿಲ್ಲ. ವರ್ಷ ತುಂಬಿದ ಮೇಲೆ ಮೈಸೂರಿನವರೇ ಹೃದಯದ ಎರಡು ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸಿದರು, ಆಸ್ಪಿರಿನ್ ಉಳಿಯಿತು.

2006ರಲ್ಲಿ ಅರಸೀಕೆರೆಯ ಆಸ್ಪತ್ರೆಗೆ ತಪಾಸಣೆಗೆ ಹೋದಾಗ ಪಕ್ಕದ ಬೆಂಚಿನಲ್ಲಿ ಹಳೇಬೀಡಿನ ಗಂಗಾಧರಯ್ಯ ದವಡೆ ಹಿಡಿದು ಕೂತಿದ್ದರು. ಅವರಿಗೂ ನಾಲ್ಕು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದರು. ನಾಳೆ ಹಲ್ಲು ಕೀಳಿಸಬೇಕು, ರಕ್ತ ನಿಲ್ಲಲೆಂದು ಮೂರು ದಿನದಿಂದ ಮಾತ್ರೆ ಬಿಟ್ಟಿದ್ದೇನೆ ಎಂದರು.

"ಡಾಕ್ಟ್ರು ಬಿಡಿ ಅಂದ್ರಾ?"

"ಇಲ್ಲ, ನಾನೇ ಬಿಟ್ಟೆ ಕಣಮ್ಮ."

ಹನುಮಮ್ಮ ಎದ್ದು ತಮ್ಮ ಸರದಿಯ ಚೀಟಿಯನ್ನು ಅವರ ಕೈಗಿಟ್ಟರು. "ನಂದು ಮುಂದಿನ ನಂಬರು. ನೀವು ಒಳಕ್ಕೋಗಿ, ಮೊದಲು ಆ ಮಾತ್ರೆ ವಿಷ್ಯ ಹೇಳಿ. ನಾನು ಆಮ್ಯಾಕೆ ಬತ್ತೀನಿ."