ಮಂಟಯ್ಯನವರ ಬ್ಯಾಂಡು

ತಿರುಗುವ ಭೂಮಿಯನ್ನು ತಡೆದು ನಿಲ್ಲಿಸಬಲ್ಲ ಗಂಡು ಯಾರಾದರೂ ಇದ್ದರೆ ಅದು ಗಾವಡಗೆರೆಯ ಹಿಟ್ಟಿನ ಮಿಲ್ಲಿನ ಮಂಟಯ್ಯನವರು. ಭಾನುವಾರ ಮಕ್ಕಳು ಬಂದು ಮಿಲ್ಲಿನ ರೇಡಿಯೊ ತಿರುಗಿಸಿದರೋ, ಗುಡುಗುಡು ಎನ್ನುವ ಬೀಸುಕಲ್ಲು ಗಪ್‌ಚಿಪ್. ಊರೂರಿನ ಮದುವೆಗೆ ಹೋಗಿ ಹೆಣದ ಮುಂದಿನ ವಾದ್ಯ ಬಾರಿಸಿ ಒದೆ ತಿಂದು ಬರುವ ನಾಲ್ವರು ಬ್ಯಾಂಡಿನ ಹುಡುಗರ ನಗೆನಾಟಕ ಬರುವ ಹೊತ್ತದು. ಸೋಮಮ್ಮ ರಾಗಿಯ ಬುಟ್ಟಿಯನ್ನು ಅವರ ಮುಖಕ್ಕೇ ಹಿಡಿದು, "ಮನೇಲಿ ಎಸರು ಕುದೀತಾ ಅದೆ ಕಣಣ್ಣೋ!" ಎಂದು ಅರಚಿದರೂ, "ಕುದೀಲಿ ಬುಡವ್ವ, ಬ್ಯಾಂಡ್ ಮುಗೀಲಿ" ಎಂಬುದೇ ರಾಜಾಜ್ಞೆ. ರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡ ಈ ಶ್ವೇತ ಚಕ್ರವರ್ತಿಗಳು ರೇಡಿಯೊಗೆ ಬೆನ್ನು ಹಾಕಿ, ಚೀಲಗಳ ಮೇಲೆ ಕೂತ ಮಕ್ಕಳಿಗೆ ಎದುರಾಗಿ ಕೂರುತ್ತಾರೆ. ನಾಟಕದಲ್ಲಿ ಡೋಲು ಹರಿದು ಮಕ್ಕಳು ಬಿದ್ದು ಬಿದ್ದು ನಕ್ಕರೆ, ಅವರ ಮುಖಗಳನ್ನೊಮ್ಮೆ ನೋಡಿಕೊಂಡು, ತುಸು ತಡವಾಗಿ, ತಾವೂ ಹೊಟ್ಟೆ ಹಿಡಿದು ನಗುತ್ತಾರೆ. ಮೊನ್ನೆ ನಾನು ಅವರ ಕಿವಿಗೇ ಬಾಯಿಟ್ಟು, "ಆ ನಾಲ್ವರಲ್ಲಿ ನಿಮಗೆ ಯಾರು ಇಷ್ಟ?" ಎಂದು ಕೂಗಿ ಕೇಳಿದೆ. "ಯಾರ್ಗೊತ್ತು ಸ್ವಾಮಿ? ಮಿಲ್ ಸದ್ದಿಗೆ ನನ್ ಕಿವಿ ಓಗಿ ಬಾಳ ಕಾಲಾಯ್ತು. ಕಲ್ಲು ತಿರುಗ್ತಿದ್ರೆ ಐಕ್ಳಿಗೂ ಕೇಳ್ಸಾಕಿಲ್ಲ, ಅದ್ಕೇ ನಿಲ್ಲಿಸ್ತೀನಿ."